ವಾಷಿಂಗ್ಟನ್ನಿನಲ್ಲಿ ಹಚ್ಚಿದ ಶಾಯಿ

ಮಾರಿಸ್‌ವಿಲ್

ನಮ್ಮ ವಿಧಾನಸಭೆ ಚುನಾವಣೆಯ ದಿನ ನಾನು ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ, ತಂಗಿಯ ಅಡುಗೆಮನೆಯಲ್ಲಿ, ನನ್ನ ಎಡಗೈ ತೋರುಬೆರಳನ್ನು ನೋಡಿಕೊಂಡು ಕೂತಿದ್ದೆ. ಬೆರಳು ಖಾಲಿ. ಮತದ ವಯಸ್ಸು ಬಂದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿಕೊಂಡವಳಲ್ಲ ನಾನು. ಅರವತ್ತೊಂದನೇ ವಯಸ್ಸಿನಲ್ಲಿ ಆ ವ್ರತ ಕೆಟ್ಟಿತು.

ಅದಕ್ಕೆ ತಂಗಿ ಸುಮಾಳೇ ಕಾರಣ. ಅವಳು ವಿಮಾನದ ಟಿಕೆಟ್ ತೆಗೆಸಿದ ಮೇಲೆ ಚುನಾವಣೆಯ ದಿನಾಂಕ ಹೊರಬಿತ್ತು. ಮುಂದಕ್ಕೆ ಹಾಕಿಸು ಎಂದರೆ, "ಅಕ್ಕಾ, ನಿನ್ನ ಒಂದು ವೋಟಿಂದ ಯಾವ ಗವರ್ನಮೆಂಟೂ ಬೀಳಲ್ಲ. ಸುಮ್ನೆ ಫ್ಲೈಟ್ ಹತ್ತು" ಎಂದಳು. ಒಂದು ವೋಟು ಎಂದರೇನೆಂದು ನನಗೆ ಹೇಳಲು ಬಂದಳು! ನಂಜನಗೂಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು ನಾನು. ಸರ್ಕಾರಿ ಟೀಚರುಗಳಿಗೆ ಪಾಠದಷ್ಟೇ ದೊಡ್ಡ ಇನ್ನೊಂದು ಕೆಲಸ ಚುನಾವಣೆ. ಮೊದಮೊದಲು ಮತದಾರರ ಬೆರಳಿಗೆ ಶಾಯಿ ಹಚ್ಚುವ ಅಧಿಕಾರಿಯಾಗಿ, ಆಮೇಲೆ ಇಡೀ ಮತಗಟ್ಟೆಯ ಹೊಣೆ ಹೊತ್ತವಳಾಗಿ, ಎಷ್ಟು ಹಳ್ಳಿಗಳ ಶಾಲೆಯಲ್ಲಿ ಬೆಂಚು ಜೋಡಿಸಿಕೊಂಡು ಮಲಗಿದ್ದೇನೋ ಲೆಕ್ಕವಿಲ್ಲ. ಆ ಶಾಯಿ ತಯಾರಾಗುವುದೂ ನಮ್ಮ ಮೈಸೂರಿನಲ್ಲೇ. ಅದರ ಮೇಲೆ ನನಗೆ ಮನೆಯಲ್ಲಿ ಹಾಕಿದ ಉಪ್ಪಿನಕಾಯಿಯ ಮೇಲಿರುವಂಥ ಅಭಿಮಾನ.

ಬೆಳಗಿನಿಂದ ನಮ್ಮ ನಿವೃತ್ತ ಟೀಚರುಗಳ ವಾಟ್ಸಾಪ್ ಗುಂಪಿನಲ್ಲಿ ಬೆರಳುಗಳದೇ ಜಾತ್ರೆ. ಒಬ್ಬಳು ಬೆರಳಿನ ಜೊತೆ ಮೊಮ್ಮಗುವನ್ನು ನಿಲ್ಲಿಸಿದ್ದಾಳೆ, ಒಬ್ಬಳು ಹೊಸ ಉಂಗುರ ಕಾಣುವ ಹಾಗೆ ಕೈ ತಿರುಗಿಸಿದ್ದಾಳೆ. ಊರಿನ ಶಾಲೆಯ ಅಂಗಳ, ಬಿಸಿಲಿಗೆ ಸೆರಗು ಹೊದ್ದ ಸಾಲು, ಒಳಗಿನ ಯಂತ್ರದ ಕೀಂ ಸದ್ದು ಎಲ್ಲ ಒಟ್ಟಿಗೇ ಬಂದು ಎದೆಯ ಮೇಲೆ ಕೂತವು. ತಂಗಿಯ ಮಗಳು ಅನಘಾಗೆ ಹನ್ನೊಂದು ವರ್ಷ, ಅಲ್ಲೇ ಹುಟ್ಟಿದವಳು. ನನ್ನ ಮುಖ ನೋಡಿ, "ದೊಡ್ಡಮ್ಮ, ಡೋಂಟ್ ಬಿ ಸ್ಯಾಡ್. ನಾನು ಮಾರ್ಕರ್ ಹಾಕ್ತೀನಿ. ನನ್ನ ಹತ್ರ ಪರ್ಪಲ್ ಇದೆ" ಎಂದಳು. ಹಾಕಿಸಿಕೊಂಡೆ. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಬರಬೇಕು, ಅಡ್ಡಾದಿಡ್ಡಿ ಅಲ್ಲ ಎಂದು ಅವಳಿಗೆ ಕಲಿಸಿಯೂ ಕೊಟ್ಟೆ.

ಅದೇ ಹೊತ್ತಿಗೆ ಪಕ್ಕದ ಮನೆಯವನು ಏಣಿ ವಾಪಸು ಕೊಡಲು ಬಂದ. ಅವನ ಹೆಸರನ್ನೂ ದೇಶವನ್ನೂ ಬರೆಯಬಾರದೆಂದು ಕೇಳಿಕೊಂಡಿದ್ದಾನೆ. ಇಲ್ಲಿ ಅವನನ್ನು ಯೂನುಸ್ ಎನ್ನುತ್ತೇನೆ. ಅದು ನನ್ನ ಹಳೆಯ ಶಿಷ್ಯನೊಬ್ಬನ ಹೆಸರು, ಅವನೂ ಹೀಗೇ ಮಾತಿಗೆ ಮುಂಚೆ ನಗುವವನು. ಈ ಯೂನುಸ್‌ಗೆ ನಲವತ್ತೈದರ ಆಚೀಚೆ. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಬಸ್ಸು ಓಡಿಸುತ್ತಾನೆ. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವತ್ತು ಮಾತ್ರ ಅವನು ನಗಲಿಲ್ಲ. ನನ್ನ ಬೆರಳು ಕಂಡದ್ದೇ ಏಣಿಯನ್ನು ಗೋಡೆಗೆ ತಾಗಿಸುವುದನ್ನೂ ಮರೆತು ನಿಂತ.

"ಟೀಚರ್, ಇದನ್ನ ನಿಮಗೆ ಯಾರು ಬಲವಂತವಾಗಿ ಹಚ್ಚಿದ್ದು?" ಎಂದ.

ನಾನು ತಮಾಷೆ ಎಂದುಕೊಂಡು ಅನಘಾಳತ್ತ ಕೈ ತೋರಿಸಿದೆ. ಮಾರ್ಕರ್ ಎಂದು ತಿಳಿದ ಮೇಲೆ ಅವನೂ ನಕ್ಕ. ಸಂಜೆ ಪಾತ್ರೆ ತೊಳೆಯುವಾಗ ಗೆರೆ ಕರಗಿ ಸಿಂಕಿನಲ್ಲಿ ಹೋಯಿತು. ಅವನ ಆ ಪ್ರಶ್ನೆಯನ್ನು ನಾನು ಅಲ್ಲಿಗೇ ಬಿಟ್ಟದ್ದು ದೊಡ್ಡ ತಪ್ಪು.

ಉತ್ತರದ ಹೆದ್ದಾರಿ

ಮುಂದಿನ ಶನಿವಾರ ಯೂನುಸ್‌ನ ದೇಶದಲ್ಲೂ ಚುನಾವಣೆ. ಅಧ್ಯಕ್ಷರ ಚುನಾವಣೆ. ಹೊರದೇಶದಲ್ಲಿರುವವರು ವಾಷಿಂಗ್ಟನ್ನಿನ ರಾಯಭಾರ ಕಚೇರಿಗೆ ಬಂದು ಮತ ಹಾಕಬಹುದು. ಸುಮಾಗೆ ಹೇಗೂ ನನಗೆ ವಾಷಿಂಗ್ಟನ್ ತೋರಿಸುವ ಆಸೆ. ಅವಳ ಗಂಡನಿಗೆ ಶನಿವಾರವೆಂದರೆ ಕ್ರಿಕೆಟ್, ಮನೆಗೆ ಬೆಂಕಿ ಬಿದ್ದರೂ ಓವರ್ ಮುಗಿಸಿಯೇ ಬರುವ ಆಸಾಮಿ. ಅನಘಾ ಅಪ್ಪನ ಜೊತೆ ಉಳಿದಳು. ನಾವು ಮೂವರು ಸುಮಾಳ ಕಾರಿನಲ್ಲಿ ಹೊರಟೆವು. ಯೂನುಸ್ ಡ್ರೈವ್ ಮಾಡುತ್ತೇನೆಂದ. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ.

ಅವನು ಹದಿನಾಲ್ಕು ವರ್ಷದಿಂದ ತಾಯಿಯನ್ನು ನೋಡಿಲ್ಲವೆಂದು ಗೊತ್ತಾದದ್ದು ಆ ಹೆದ್ದಾರಿಯಲ್ಲಿ. ಪಾಸ್‌ಪೋರ್ಟಿನ ಅವಧಿ ಎಂದೋ ಮುಗಿದಿತ್ತು. ಹೊಸದಕ್ಕೆ ಕೇಳಿದಾಗಲೆಲ್ಲ ಕಚೇರಿಯವರು ಏನಾದರೂ ಒಂದು ಕೊಂಕು ತೆಗೆಯುತ್ತಿದ್ದರಂತೆ. ಈ ಸಲ ಗುಮಾಸ್ತ ಫೋನಿನಲ್ಲಿ ನೇರವಾಗಿಯೇ ಹೇಳಿದ್ದ: ಮತದಾನದ ದಿನ ಬಾ, ಮತ ಹಾಕು, ಅರ್ಜಿಯನ್ನೂ ಅವತ್ತೇ ತೆಗೆದುಕೊಳ್ಳುತ್ತೇವೆ. ತಾಯಿ ಅವನ ಅಕ್ಕನ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದೆ, ಮಂಡಿ ಹೋಗಿದೆ, ಬಾಗಿಲವರೆಗೆ ನಡೆಯಲೂ ಗೋಡೆ ಹಿಡಿಯಬೇಕು.

"ಎಷ್ಟು ಜನ ನಿಂತಿದಾರೆ?" ಎಂದು ಕೇಳಿದೆ. ಹುಟ್ಟುಗುಣ.

"ಒಬ್ಬರು. ನಾನು ಸ್ಕೂಲಿಗೆ ಹೋಗ್ತಿದ್ದಾಗಿಂದ ಅವರೇ. ಚೀಟಿಯಲ್ಲಿ ಅವರ ಫೋಟೋ, ಕೆಳಗೆ ಎರಡು ವೃತ್ತ. ಹೌದು ಒಂದು, ಇಲ್ಲ ಒಂದು."

"ಎರಡು ಇದೆಯಲ್ಲ, ಪರವಾಗಿಲ್ಲ" ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಸುಮಾ ಹಿಂದಕ್ಕೆ ಕೈ ಚಾಚಿ ನನ್ನ ಮಂಡಿ ಚಿವುಟಿದಳು.

ಆಮೇಲೆ ಅವನು ನಮ್ಮ ಕಡೆಯ ಕಥೆ ಕೇಳಿದ. ನಾನು ಶುರು ಮಾಡಿದರೆ ನಿಲ್ಲಿಸುವವಳಲ್ಲ. ಹಿಂದಿನ ದಿನವೇ ತಾಲ್ಲೂಕು ಕೇಂದ್ರದ ಮೈದಾನದಲ್ಲಿ ಪೆಟ್ಟಿಗೆ ಚೀಲ ಎಣಿಸಿಕೊಂಡು ಬಸ್ಸು ಹತ್ತುವುದು, ಹಳ್ಳಿಯವರು ಬಕೆಟ್ಟಿನಲ್ಲಿ ಉಪ್ಪಿಟ್ಟು ತಂದುಕೊಡುವುದು, ಬೆಳಗ್ಗೆ ಪಕ್ಷದ ಏಜೆಂಟರ ಕಣ್ಣೆದುರು ಯಂತ್ರವನ್ನು ಪರೀಕ್ಷಿಸಿ ಅದರಲ್ಲಿ ಏನೂ ಇಲ್ಲವೆಂದು ತೋರಿಸುವುದು, ಅವರು ಒಬ್ಬರ ಮೇಲೊಬ್ಬರು ಬಿದ್ದು ನೋಡುವುದು ಎಲ್ಲ ಹೇಳಿದೆ. ಒಂದೂರಿನಲ್ಲಿ ಒಂದು ಅಜ್ಜಿ ಶಾಯಿ ಹಚ್ಚಿಸಿಕೊಂಡು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಯಂತ್ರದ ಹತ್ತಿರ ಹೋಗಿ ಗುಂಡಿ ಒತ್ತದೆ ಹೊರಟುಹೋದದ್ದನ್ನೂ ಹೇಳಿದೆ. ಸಂಜೆ ರಿಜಿಸ್ಟರಿಗೂ ಯಂತ್ರಕ್ಕೂ ಒಂದು ಮತದ ವ್ಯತ್ಯಾಸ. ಮೂರು ಸಲ ಎಣಿಸಿದೆ, ಬೆವರು ಕಿತ್ತುಬಂತು. ಕೊನೆಗೆ ಅಜ್ಜಿ ಯಾರೆಂದು ನೆನಪಾಗಿ, ಅವಳು ಮತ ಹಾಕದೆ ಹೋದಳೆಂದು ವರದಿ ಬರೆದು ಸಹಿ ಹಾಕಿದ ಮೇಲೆಯೇ ನನಗೆ ಉಸಿರು ಬಂದದ್ದು.

"ಒಂದೇ ಒಂದಕ್ಕಾ?" ಎಂದ ಯೂನುಸ್.

"ಒಂದಕ್ಕೇ."

"ಮತ್ತೆ ಯಾರು ಗೆಲ್ತಾರೆ ಅಂತ ನಿಮಗೆ ಯಾವಾಗ ಗೊತ್ತಾಗುತ್ತೆ?"

"ಎಣಿಕೆ ಮುಗಿದ ಮೇಲೆ."

"ಅಷ್ಟು ದಿನ ಯಾರಿಗೂ ಗೊತ್ತಿರಲ್ವಾ? ಪೊಲೀಸರಿಗೂ? ಈಗಿರೋ ಮಂತ್ರಿಗೂ?"

"ಪಾಪ, ಅವನಿಗೆ ನಿದ್ದೆಯೇ ಇರಲ್ಲ" ಎಂದೆ. ಅವನು ಸ್ಟಿಯರಿಂಗ್ ಮೇಲೆ ಅಂಗೈ ಬಡಿದು ನಕ್ಕ. ಅವರಲ್ಲಿ ಗೆಲುವಿನ ಹಾಡನ್ನು ಮತದಾನಕ್ಕೆ ಮುಂಚೆಯೇ ಸ್ಟುಡಿಯೋದಲ್ಲಿ ಹಾಡಿಸಿ ಇಟ್ಟಿರುತ್ತಾರಂತೆ. ಅಜ್ಜಿಯ ಕಥೆಯನ್ನು ಇನ್ನೊಂದು ಸಲ ಹೇಳಿಸಿಕೊಂಡ.

ವಾಷಿಂಗ್ಟನ್

ವಾಷಿಂಗ್ಟನ್ನಿನಲ್ಲಿ ನಾನು ಮೊದಲು ಓದಿದ್ದು ಒಂದು ಪಾರ್ಕಿಂಗ್ ಕಂಬವನ್ನು. ಒಂದರ ಕೆಳಗೊಂದು ನಾಲ್ಕು ಫಲಕ. ಇಂಥ ಹೊತ್ತಿನಲ್ಲಿ ನಿಲ್ಲಿಸಬಹುದು, ಇಂಥ ವಾರ ನಿಲ್ಲಿಸಬಾರದು, ಬಾಣ ಈ ಕಡೆ, ಬಾಣ ಆ ಕಡೆ. ಸುಮಾ ಅದರ ಕೆಳಗೆ ನಿಂತು ಕಾನೂನು ಪರೀಕ್ಷೆಗೆ ಕೂತವಳಂತೆ ಓದಿದಳು. "ಅಕ್ಕಾ, ಐ ಥಿಂಕ್ ಓಕೆ. ಟೋ ಮಾಡಿದ್ರೆ ಭಾವನ ಹತ್ರ ನೀನೇ ಹೇಳು" ಎಂದಳು. ಅವಳ ಗಂಡ ನನಗೆ ಭಾವ ಅಲ್ಲ, ನನಗಿಂತ ಚಿಕ್ಕವನು ಎಂದು ತಿದ್ದಿದೆ. ಟೆನ್ಷನ್ನಿನಲ್ಲಿ ಅವಳಿಗೆ ಸಂಬಂಧಗಳೆಲ್ಲ ಕಲಸಿಹೋಗುತ್ತವೆ.

ರಾಯಭಾರ ಕಚೇರಿ ಎಂದರೆ ಕೋಟೆಯಂತಿರುತ್ತದೆ ಎಂದುಕೊಂಡಿದ್ದೆ. ಇದು ಮರಗಳ ಸಾಲಿನ ನಡುವೆ ಒಂದು ಇಟ್ಟಿಗೆ ಮನೆ, ಬಾವುಟ ಇಲ್ಲದಿದ್ದರೆ ಯಾರೋ ಡಾಕ್ಟರ ಮನೆ ಎನ್ನಬೇಕು. ಮುಂದೆ ಸಾಲು. ಮದುವೆಗೆ ಬಂದವರಂತೆ ಬಟ್ಟೆ ಹಾಕಿದ್ದಾರೆ, ಮಾತಿಲ್ಲ. ಧ್ವನಿವರ್ಧಕದಲ್ಲಿ ಗಂಡಸರ ಗುಂಪಿನ ಹಾಡು. ಮಹಡಿಯ ಕಿಟಕಿಯಿಂದ ಒಬ್ಬ ಸಾಲಿನಲ್ಲಿದ್ದವರ ಫೋಟೋ ತೆಗೆಯುತ್ತಿದ್ದ. ಯೂನುಸ್ ಕಾಲರ್ ಸರಿಮಾಡಿಕೊಂಡು, ಅರ್ಜಿಯ ಲಕೋಟೆ ಎದೆಗೆ ಒತ್ತಿಕೊಂಡು ಸಾಲಿನ ತುದಿಗೆ ಹೋಗಿ ನಿಂತ.

ನನ್ನ ಕಾಲು ಸುಮ್ಮನಿರಬೇಕಲ್ಲ. ಮತಗಟ್ಟೆಯಿಂದ ನೂರು ಮೀಟರಿಗೆ ಸುಣ್ಣದ ಗೆರೆ ಎಳೆದಿದ್ದಾರೋ ಇಲ್ಲವೋ ನೋಡಲು ಹೋದೆ. ಗೆರೆ ಗಿರೆ ಏನೂ ಇಲ್ಲ. ಬಾಗಿಲ ಬಳಿ ಸೂಟು ಹಾಕಿದ ಹುಡುಗಿಯೊಬ್ಬಳು ನನ್ನನ್ನು ಮತದಾರಳೆಂದೇ ತಿಳಿದು ಒಂದು ಲೋಟ ಸಿಹಿ ಚಹಾ ಕೊಟ್ಟಳು. ಇನ್ನೊಂದು ಕೈಗೆ ಅಧ್ಯಕ್ಷರ ಮುಖವಿದ್ದ ಪುಟ್ಟ ಕಾಗದದ ಬಾವುಟ ಕೊಟ್ಟು, ಬೀಸಿ ಎಂದು ಸನ್ನೆ ಮಾಡಿದಳು. ಕೊಟ್ಟದ್ದನ್ನು ಬೇಡವೆನ್ನಲು ಸಂಕೋಚವಾಗಿ ಎರಡು ಸಲ ಬೀಸಿದೆ. ಮೂವತ್ತು ವರ್ಷ ನೀತಿ ಸಂಹಿತೆ ಕಾಯ್ದವಳು, ಮತಗಟ್ಟೆಯ ಬಾಗಿಲಲ್ಲೇ ಪಕ್ಷದ ಬಾವುಟ ಬೀಸುತ್ತಾ ನಿಂತಿದ್ದೆ. ಊರಿನಲ್ಲಾಗಿದ್ದರೆ ನನ್ನನ್ನು ನಾನೇ ಅಮಾನತು ಮಾಡಿಕೊಳ್ಳಬೇಕಿತ್ತು. ಸುಮಾ ಓಡಿಬಂದು ನನ್ನನ್ನು ಎಳೆದುಕೊಂಡು ಎದುರಿನ ಪುಟ್ಟ ಉದ್ಯಾನದ ಬೆಂಚಿನ ಮೇಲೆ ಕೂರಿಸಿದಳು.

ಒಂದು ಗಂಟೆಯ ಮೇಲೆ ಯೂನುಸ್ ಹೊರಬಂದ. ಬಲಗೈಯಲ್ಲಿ ಅರ್ಜಿಯ ರಸೀದಿ. ಎಡಗೈ ಪ್ಯಾಂಟಿನ ಜೇಬಿನಲ್ಲಿ. "ತಗೊಂಡ್ರು, ಪಾಸ್‌ಪೋರ್ಟ್ ಮನೆಗೇ ಕಳಿಸ್ತಾರಂತೆ" ಎಂದ. ಕಣ್ಣು ಒದ್ದೆಯಾಗಿತ್ತು.

"ಶಾಯಿ ಹಚ್ಚಿದ್ರಾ? ಎಲ್ಲಿ, ತೋರಿಸಪ್ಪ" ಎಂದೆ. ಅವನು ಹಿಂಜರಿಯುತ್ತಾ ಕೈ ಹೊರತೆಗೆದ. ನೋಡಿದೊಡನೆ ನನಗೆ ಹುಚ್ಚೇ ಹಿಡಿಯಿತು. ಅದೇ ನೇರಳೆಗಪ್ಪು, ಅದೇ ಹೊಳಪು. ಅವನ ಬೆರಳನ್ನು ಹಿಡಿದು ಮೂಗಿನ ಹತ್ತಿರ ತಂದುಕೊಂಡೆ. ಅದೇ ವಾಸನೆ. ಮೈಸೂರಿನದೋ ಬೇರೆಲ್ಲಿಯದೋ ದೇವರಿಗೆ ಗೊತ್ತು, ನನಗೆ ಮಾತ್ರ ಶಾಲೆಯ ಅಂಗಳವೇ ಎದ್ದು ಬಂದಂತಾಯಿತು. ಅಮೆರಿಕದ ರಾಜಧಾನಿಯ ಫುಟ್‌ಪಾತಿನಲ್ಲಿ ಪರಗಂಡಸಿನ ಬೆರಳು ಮೂಸುತ್ತಾ ಕೂತ ನನ್ನನ್ನು ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬಾಕೆ ತಿರುಗಿ ತಿರುಗಿ ನೋಡಿದಳು.

ಅಷ್ಟರಲ್ಲಿ ಅವನ ಫೋನು ಬಡಿಯಿತು. ಅಕ್ಕನ ಮನೆಯಿಂದ ವೀಡಿಯೋ ಕರೆ. ಪರದೆಯ ತುಂಬ ಒಂದು ಮುದುಕಿಯ ಮುಖ, ತಲೆಗೆ ಬಿಳಿ ಬಟ್ಟೆ. ಅವನು ರಸೀದಿ ತೋರಿಸಿ ಅವರ ಭಾಷೆಯಲ್ಲಿ ಏನೋ ಹೇಳಿದ. ಆಕೆ ಬಾಯಿಗೆ ಕೈ ಹಿಡಿದು ಅಳುತ್ತಾ ನಕ್ಕಳು. ನನಗೂ ಅಳು ಬಂತು. ನನ್ನನ್ನು ತೋರಿಸಿ, ಇಂಡಿಯಾದ ಟೀಚರ್ ಎಂದ. ನಾನು ಕೈಮುಗಿದೆ. ಅವನ ಎಡಗೈ ಮತ್ತೆ ಜೇಬಿಗೆ ಹೋಗಿತ್ತು. ಅಯ್ಯೋ, ಇಂಥ ದಿನ ತಾಯಿಗೆ ಬೆರಳು ತೋರಿಸದಿದ್ದರೆ ಹೇಗೆ! ನಾನು ಆ ಕೈಯನ್ನು ಜೇಬಿನಿಂದ ಎಳೆದು, ಬೆರಳು ನೆಟ್ಟಗೆ ಮಾಡಿ, ಫೋನಿನ ಮುಂದೆ ಹಿಡಿದೆ. "ನೋಡಮ್ಮ, ಓಟ್ ಹಾಕಿದಾನೆ ನಿನ್ನ ಮಗ!" ಎಂದು ಕನ್ನಡದಲ್ಲೇ ಕೂಗಿದೆ.

ಮುದುಕಿಯ ನಗು ನಿಂತಿತು. ಪರದೆಗೆ ಹತ್ತಿರ ಬಂದು ನೋಡಿದಳು. ಒಂದೇ ಒಂದು ಮಾತು ಕೇಳಿದಳು. ಯೂನುಸ್ ಕೈಯನ್ನು ನನ್ನಿಂದ ಬಿಡಿಸಿಕೊಂಡ. ಆಮೇಲೆ ಪರದೆಯಲ್ಲಿ ಸೂರು ಕಾಣಿಸಿತು, ಅಕ್ಕ ಬಂದು ಏನೋ ಹೇಳಿದಳು, ಕರೆ ಮುಗಿಯಿತು.

"ಅಕ್ಕಾ, ಏನ್ ಮಾಡ್ಬಿಟ್ಟೆ ನೀನು?" ಎಂದಳು ಸುಮಾ. ಏನು ಮಾಡಿದೆನೆಂದು ನನಗೆ ಇನ್ನೂ ಗೊತ್ತಿರಲಿಲ್ಲ.

ವಾಪಸು ದಾರಿಯಲ್ಲಿ

ಅಮೆರಿಕದ ಅಧ್ಯಕ್ಷರುಗಳ ಸ್ಮಾರಕಗಳನ್ನು ಕಾರಿನ ಕಿಟಕಿಯಿಂದಲೇ ನೋಡಿದ್ದಾಗಿತ್ತು. ವರ್ಜೀನಿಯಾ ದಾಟಿದ ಮೇಲೆ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿ, ಮರದ ಮೇಜಿನ ಮೇಲೆ ಚಿತ್ರಾನ್ನದ ಡಬ್ಬಿ ತೆರೆದೆವು. ಯೂನುಸ್ ಎರಡು ತುತ್ತು ತಿಂದು ಹೇಳತೊಡಗಿದ.

ಅವನಿಗೊಬ್ಬ ಅಣ್ಣನಿದ್ದ. ಒಂದು ಚುನಾವಣೆಯಲ್ಲಿ ಮತ ಹಾಕಲು ಹೋಗುವುದಿಲ್ಲ ಎಂದ. ಬೆರಳಿನಲ್ಲಿ ಗುರುತಿಲ್ಲದವರ ಮನೆಗೆ ಮಾರನೇ ದಿನ ಕೇರಿಯ ಸಮಿತಿಯವರು ಬರುತ್ತಾರೆ. ಅಣ್ಣನನ್ನು ಕರೆದುಕೊಂಡು ಹೋದರು, ಮತ್ತೆ ಅವನು ಬರಲಿಲ್ಲ. ಅದಾದ ಮೇಲೆ ಯೂನುಸ್ ದೇಶ ಬಿಟ್ಟ. ತಾಯಿ ಮನೆಯ ಉಳಿದವರಿಗೋಸ್ಕರ ಪ್ರತಿ ಸಲವೂ, ಈಗ ಮಗಳ ತೋಳು ಹಿಡಿದಾದರೂ, ಹೋಗಿ ಶಾಯಿ ಹಚ್ಚಿಸಿಕೊಂಡು ಬರುತ್ತಾಳೆ. ಬಂದವಳು ಆ ಬೆರಳಿಗೆ ಬಟ್ಟೆ ಸುತ್ತುತ್ತಾಳೆ. ಉಗುರು ಬೆಳೆದು ಗುರುತು ಪೂರಾ ಹೋಗುವವರೆಗೂ, ರೊಟ್ಟಿ ತಟ್ಟುವಾಗಲೂ, ಬಟ್ಟೆ ಬಿಚ್ಚುವುದಿಲ್ಲ.

"ನಮ್ಮ ಮನೆಯಲ್ಲಿ ಒಂದು ಬೆರಳಾದ್ರೂ ಶಾಯಿ ಇಲ್ಲದೆ ಉಳಿದಿದೆ ಅಂತ ಅಮ್ಮ ಹೇಳ್ತಿದ್ದಳು. ನನ್ನದು. ಅದೇ ಅವಳ ಧೈರ್ಯ" ಎಂದ.

ನನ್ನ ಕೈಯಲ್ಲಿದ್ದ ಚಮಚ ಕೆಳಗಿಟ್ಟೆ. ಜೀವನದಲ್ಲಿ ಎಷ್ಟೋ ಮಕ್ಕಳ ಕೈ ಹಿಡಿದು ಎತ್ತಿದ್ದೇನೆ, ಇದಕ್ಕಿಂತ ಕೆಟ್ಟದಾಗಿ ಯಾರ ಕೈಯನ್ನೂ ಎತ್ತಿಲ್ಲ. ಕ್ಷಮಿಸಪ್ಪ ಎಂದು ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲೂ ಹೇಳಿದೆ.

"ಅಮ್ಮ ಏನು ಕೇಳಿದರು ನಿನ್ನ?"

"ನೀನೂನಾ, ಅಂತ."

ಅವನು ಸುತ್ತ ನೋಡಿದ. ಪಕ್ಕದ ಮೇಜಿನಲ್ಲಿ ಒಂದು ಕುಟುಂಬ ಕಲ್ಲಂಗಡಿ ಕತ್ತರಿಸುತ್ತಿತ್ತು, ಅಷ್ಟೇ. ಆದರೂ ದನಿ ತಗ್ಗಿಸಿದ. "ಟೀಚರ್, ಹೌದು ಅಂತ ಹಾಕೋಣ ಅಂತಲೇ ಹೋಗಿದ್ದೆ. ಬರೆಯೋ ಮೇಜಿನ ಹತ್ರವೇ ಒಬ್ಬ ನಿಂತಿದ್ದ. ಯಾರೋ ಚಹಾ ಚೆಲ್ಲಿದ್ರು, ಅವನು ಆ ಕಡೆ ತಿರುಗಿದ. ನನ್ನ ಕೈ ತಾನಾಗಿ ಇನ್ನೊಂದು ವೃತ್ತಕ್ಕೆ ಹೋಯ್ತು. ಇಲ್ಲ ಅಂತ ಹಾಕಿದೆ."

"ಅವರು ನೋಡಿದ್ರೆ ಪಾಸ್‌ಪೋರ್ಟ್ ಕೊಡ್ತಾರಾ?" ಎಂದಳು ಸುಮಾ. ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ಅಮ್ಮನಿಗೆ ಫೋನ್ ಮಾಡಿ ಹೇಳು, ಈಗಲೇ" ಎಂದೆ ನಾನು.

ಅವನು ಮಗುವಿಗೆ ಹೇಳುವವನಂತೆ ನಿಧಾನವಾಗಿ ಹೇಳಿದ: "ಟೀಚರ್, ಅಲ್ಲಿಗೆ ಹೋಗೋ ಫೋನನ್ನ ಅಮ್ಮ ಒಬ್ಬಳೇ ಕೇಳಿಸಿಕೊಳ್ಳಲ್ಲ. ಇದನ್ನ ನಾನು ಹೋಗಿ ಅವಳ ಕಿವೀಲೇ ಹೇಳಬೇಕು."

ಅಟ್ಲಾಂಟಾ

ಅಟ್ಲಾಂಟಾದಲ್ಲಿ ಗ್ರೇಸಿ ಇದ್ದಾಳೆ. ಉಡುಪಿಯವಳು, ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮಿನವಳು, ಈಗ ಅಲ್ಲಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ. ನಗರದ ರೈಲು ಹತ್ತಿಸು ಎಂದು ನಾನು ಹಟ ಹಿಡಿದಾಗ, "ರೈಲಾ? ಇಪ್ಪತ್ತು ವರ್ಷದಲ್ಲಿ ನಾನೇ ಎರಡು ಸಲ ಹತ್ತಿರಬೇಕು ಮಾರಾಯ್ತಿ" ಎಂದಳು. ಹತ್ತಿದೆವು. ಬೋಗಿಯಲ್ಲಿ ನಾವಿಬ್ಬರು, ಕಿವಿಗೆ ಹೆಡ್‌ಫೋನು ಹಾಕಿಕೊಂಡವರು ನಾಲ್ಕು ಜನ. ಯಾರೂ ಯಾವ ಊರು ಎಂದು ಕೇಳಲಿಲ್ಲ. ನಮ್ಮ ನಂಜನಗೂಡಿನ ರೈಲಿನಲ್ಲಿ ಮೈಸೂರು ಮುಟ್ಟುವಷ್ಟರಲ್ಲಿ ಪಕ್ಕದವಳ ಸೊಸೆಯ ಗುಣಸ್ವಭಾವವೆಲ್ಲ ಗೊತ್ತಾಗಿರುತ್ತದೆ.

ಆ ರೈಲಿನಲ್ಲಿರುವಾಗಲೇ ಯೂನುಸ್ ಫೋನ್ ಮಾಡಿದ. ಫಲಿತಾಂಶ ಬಂದಿತ್ತು. ಅಧ್ಯಕ್ಷರಿಗೆ ಹೆಚ್ಚುಕಡಿಮೆ ಎಲ್ಲ ಮತವೂ. ನೂರಕ್ಕೆ ನೂರು ಎನ್ನಲು ಅವರಿಗೇ ನಾಚಿಕೆಯಾಗಿ ದೇಶದ ಲೆಕ್ಕದಲ್ಲಿ ಚೂರು ಬಿಟ್ಟಿದ್ದರಂತೆ. ಹೊರದೇಶದ ಕಚೇರಿಗಳ ಪಟ್ಟಿಯನ್ನೂ ಹಾಕಿದ್ದರು. ವಾಷಿಂಗ್ಟನ್ನಿನ ಮುಂದೆ, ಹೌದು ಎಂಬಲ್ಲಿ ಅವತ್ತು ಬಂದ ಎಲ್ಲರೂ. ಇಲ್ಲ ಎಂಬಲ್ಲಿ ಸೊನ್ನೆ. ತಿರಸ್ಕೃತ ಎಂಬಲ್ಲೂ ಸೊನ್ನೆ.

"ಟೀಚರ್, ನೀವು ಈ ಕೆಲಸ ಮಾಡಿದವರು. ಹೇಳಿ, ನನ್ನ ಮತ ಎಲ್ಲಿಗೆ ಹೋಯಿತು?"

ಗುಂಡಿ ಒತ್ತದೆ ಹೋದ ಅಜ್ಜಿಗೂ ನಮ್ಮಲ್ಲಿ ಒಂದು ಕಾಗದವಿತ್ತು. ಜೀವ ಬಿಗಿಹಿಡಿದು ವೃತ್ತ ತುಂಬಿದ ಇವನಿಗೆ ಯಾವ ಕಾಗದವೂ ಇಲ್ಲ. ಆಮೇಲೆ ಗಣಿತದ ತಲೆ ನಿಧಾನವಾಗಿ ಇನ್ನೊಂದು ಕಡೆ ಓಡಿತು. ಇಲ್ಲ ಎಂಬಲ್ಲಿ ಒಂದು ಎಂದು ಬರೆದಿದ್ದರೆ? ಆ ಒಬ್ಬ ಯಾರೆಂದು ಹುಡುಕುತ್ತಿದ್ದರು. ಮಹಡಿಯ ಕಿಟಕಿಯ ಫೋಟೋಗಳನ್ನು ಹರಡಿಕೊಂಡು ಕೂರುತ್ತಿದ್ದರು. ಸೊನ್ನೆಯಾದ್ದರಿಂದಲೇ ಇವನಿಗೆ ತಾಯಿಯನ್ನು ನೋಡುವ ದಾರಿ ಉಳಿದಿದೆ. ಅವನಿಗೆ ಅಷ್ಟನ್ನು ಹೇಳಿದೆ. ಮತ ಕಳೆದುಹೋದದ್ದಕ್ಕೆ ಸಮಾಧಾನಪಟ್ಟ ಮತಗಟ್ಟೆ ಅಧಿಕಾರಿ ನಾನೊಬ್ಬಳೇ ಇರಬೇಕು. ಹೇಳಿದ ಮೇಲೆ ಬಾಯಿ ಕಹಿಯಾಯಿತು.

ಅವತ್ತು ಗ್ರೇಸಿ ನೀರುದೋಸೆ ಹುಯ್ದಳು. ಬಿಸಿ ದೋಸೆ ತಟ್ಟೆಗೆ ಬಿದ್ದಾಗ ನನಗೆ ನಮ್ಮೂರು ಎಷ್ಟು ಬೇಕೆನಿಸಿತೆಂದರೆ, ಧೂಳು, ಗಲಾಟೆ, ಓಟಿಗೆ ಸೀರೆ ಹಂಚುವ ನಮ್ಮ ಕಳ್ಳರು, ಅವರನ್ನು ಹಿಡಿಯಲು ಓಡುವ ನಮ್ಮ ತಹಸೀಲ್ದಾರರು, ಎಲ್ಲರೂ ಬೇಕೆನಿಸಿತು.

ಮತ್ತೆ ಮಾರಿಸ್‌ವಿಲ್

ನಾನು ವಾಪಸು ಬರುವಷ್ಟರಲ್ಲಿ ಯೂನುಸ್‌ನ ಬೆರಳಿನ ಚರ್ಮದ ಮೇಲಿನ ಶಾಯಿ ಸವೆದುಹೋಗಿತ್ತು. ಉಗುರಿನದು ಮಾತ್ರ ಅಲುಗಿರಲಿಲ್ಲ. ತಾಯಿ ಈಗ ಫೋನಿಗೆ ಬರುತ್ತಿಲ್ಲ, ಮಲಗಿದ್ದಾಳೆ ಎಂದು ಅಕ್ಕ ಹೇಳುತ್ತಾಳೆ ಎಂದ. ಈ ಉಗುರು ಹೊತ್ತುಕೊಂಡು ಅವಳ ಮುಂದೆ ಹೇಗೆ ನಿಲ್ಲಲಿ ಎಂದ.

ಶಾಯಿ ತೆಗೆಯಲು ಜನ ಏನೇನು ಮಾಡುತ್ತಾರೆಂದು ನನಗೆ ಗೊತ್ತಿಲ್ಲವೇ? ಎರಡನೇ ಸಲ ಮತ ಹಾಕಲು ಬಂದ ಕಿಲಾಡಿಗಳನ್ನು ಎಷ್ಟು ಹಿಡಿದಿಲ್ಲ! ಆ ಶನಿವಾರ ಸುಮಾಳ ಸಿಂಕಿನ ಮುಂದೆ ನಾನೇ ಆ ಕೆಲಸಕ್ಕೆ ನಿಂತೆ. ನಿಂಬೆಹಣ್ಣು ಉಜ್ಜಿದೆ, ಟೂತ್‌ಪೇಸ್ಟು ಹಚ್ಚಿದೆ, ಸುಮಾಳ ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಅದ್ದಿದೆ. ಅನಘಾ ಪಕ್ಕದಲ್ಲಿ ನಿಂತು, "ದೊಡ್ಡಮ್ಮ, ನೀವು ಹೇಳಿದ್ರಿ ಅಲ್ವಾ, ಇಟ್ ನೆವರ್ ಕಮ್ಸ್ ಆಫ್ ಅಂತ" ಎಂದು ಜ್ಞಾಪಿಸಿದಳು. ಹೌದು, ಹೇಳಿದ್ದೆ, ಎದೆಯುಬ್ಬಿಸಿ ಹೇಳಿದ್ದೆ. ಕಪ್ಪು ಒಂದು ಚೂರೂ ಮಾಸಲಿಲ್ಲ. ಬೆರಳ ತುದಿ ಮಾತ್ರ ಕೆಂಪಗಾಯಿತು.

"ಬಿಡಿ ಟೀಚರ್. ಬೆಳೆದೇ ಹೋಗಬೇಕು" ಎಂದ ಅವನು.

ಅಲ್ಲಿಂದ ಮುಂದೆ ದಿನಾ ಸಂಜೆ ಕೆಲಸದಿಂದ ಬಂದವನು ಬೇಲಿಯ ಆಚೆಯಿಂದ ಬೆರಳು ತೋರಿಸುತ್ತಿದ್ದ. ಉಗುರಿನ ಬುಡದಲ್ಲಿ ಮೊದಲು ದಾರದಷ್ಟು, ಆಮೇಲೆ ಅಕ್ಕಿಕಾಳಿನಷ್ಟು ಹೊಸ ಉಗುರು ಬಂತು. ನಾನು ಊರಿಗೆ ಹೊರಡಲು ನಾಲ್ಕು ದಿನವಿದ್ದಾಗ ಪಾಸ್‌ಪೋರ್ಟ್ ಬಂತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಸುಮಾ ನೀರು ತರುವ ನೆಪ ಮಾಡಿ ಒಳಗೆ ಹೋಗಿ ತಾನೂ ಅತ್ತಳು.

ಅಲ್ಲಿಗೆ ಹೋದ ಮೇಲೆ ಏನೂ ಬರೆಯಲಾಗದು, ನೀವೂ ಬರೆಯಬೇಡಿ, ವಾಪಸು ಬರುವಾಗ ದಾರಿಯ ಯಾವುದಾದರೂ ವಿಮಾನ ನಿಲ್ದಾಣದಿಂದ ತಿಳಿಸುತ್ತೇನೆ ಎಂದ.

ನಂಜನಗೂಡು

ಊರಿಗೆ ಬಂದೆ. ಬಂದವಳಿಗೆ ಗುಂಪಿನ ಗೆಳತಿಯರು, ಅಮೆರಿಕ ಹೇಗಿತ್ತು, ಏನು ತಂದೆ ಎಂದು ಕೇಳಿದರು. ಚಾಕೊಲೇಟು ಹಂಚಿದೆ. ಸಾರಿಗೆ ಒಗ್ಗರಣೆ ಹಾಕುವಾಗ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಾಗ, ಎಲ್ಲೆಂದರಲ್ಲಿ ಆ ಮುದುಕಿಯ ನಗು ನಿಂತುಹೋದದ್ದು ಕಣ್ಣಿಗೆ ಬರುತ್ತಿತ್ತು. ಗೌರಿಹಬ್ಬ ಹೋಯಿತು, ದಸರಾ ಹೋಯಿತು. ಯೂನುಸ್‌ನಿಂದ ಸುದ್ದಿಯಿಲ್ಲ. ಸುಮಾಗೆ ಫೋನ್ ಮಾಡಿದರೆ, "ಅವರ ಮನೆ ಲೈಟ್ ಆಫೇ ಇದೆ ಅಕ್ಕ" ಎನ್ನುತ್ತಿದ್ದಳು.

ದೀಪಾವಳಿಗೆ ಮನೆ ಗುಡಿಸುತ್ತಿದ್ದ ದಿನ ಒಂದು ಫೋಟೋ ಬಂತು. ಸುಕ್ಕುಗಟ್ಟಿದ ಒಂದು ಅಂಗೈ, ಅದರ ನಡುವೆ ಕತ್ತರಿಸಿದ ಉಗುರಿನ ಒಂದು ಚೂರು. ಚೂರಿನ ಅಂಚಿಗೆ ಕಪ್ಪು.

ಅದರ ಕೆಳಗೆ, ದಾರಿಯ ವಿಮಾನ ನಿಲ್ದಾಣದಲ್ಲಿ ಕೂತು ಯೂನುಸ್ ಉದ್ದಕ್ಕೆ ಬರೆದಿದ್ದ. ಹೋದ ದಿನ ತಾಯಿ ಅವನ ಮುಖ ಮುಟ್ಟಿದಳು, ಎಡಗೈ ಮುಟ್ಟಲಿಲ್ಲ. ಎಲ್ಲರೂ ಆಚೆ ಹೋದ ಮೇಲೆ ಅವಳ ಕಿವಿಗೆ ಬಾಯಿಟ್ಟು ಹೇಳಿದ. ಮಾರನೇ ಬೆಳಗ್ಗೆ ಬಾಗಿಲಲ್ಲಿ ಬಿಸಿಲಿಗೆ ಕೂತು, ಅವನನ್ನು ಕರೆದು, ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಉಗುರು ಕತ್ತರಿಸಿದಳು. ಆಮೇಲೆ ವಾರಕ್ಕೊಂದು ಸಲ, ಬೆಳೆದಷ್ಟು. ಫೋಟೋದಲ್ಲಿದ್ದದ್ದು ಕೊನೆಯ ಚೂರು, ಅವನು ಹೊರಡುವ ಹಿಂದಿನ ದಿನದ್ದು. ಅವತ್ತೇ ತಾಯಿ ತನ್ನ ಬೆರಳಿನ ಬಟ್ಟೆಯನ್ನೂ ಬಿಚ್ಚಿದಳಂತೆ.

ನನ್ನ ಬಗ್ಗೆಯೂ ಕೇಳಿದ್ದಳು. ನಿನ್ನ ಕೈ ಎತ್ತಿದಳಲ್ಲ, ಆ ಹೆಂಗಸು ಯಾಕೆ ಅಷ್ಟು ಖುಷಿಯಾಗಿದ್ದಳು ಎಂದು. ಅವನು ನಮ್ಮೂರಿನ ಸಾಲು, ಉಪ್ಪಿಟ್ಟಿನ ಬಕೆಟ್ಟು, ಗುಂಡಿ ಒತ್ತದೆ ಹೋದ ಅಜ್ಜಿ, ನಿದ್ದೆಗೆಟ್ಟ ಮಂತ್ರಿ ಎಲ್ಲ ಹೇಳಿದ. ಪ್ರತಿ ವಾರ ಉಗುರು ಕತ್ತರಿಸುವಾಗ, ಆ ಊರಿನ ಕಥೆ ಇನ್ನೊಂದು ಸಲ ಹೇಳು ಎನ್ನುತ್ತಿದ್ದಳಂತೆ.

ಮುಂದಿನ ಬೇಸಿಗೆಯಲ್ಲಿ ಲೋಕಸಭೆ ಚುನಾವಣೆ ಬಂತು. ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಸಾಲಿನಲ್ಲಿ ಮೊದಲು ನಿಂತೆ. ಶಾಯಿ ಹಚ್ಚಿದವಳು ನನ್ನ ಶಿಷ್ಯೆಯೇ, ಗೆರೆ ನೆಟ್ಟಗೆ ಎಳೆದಳು. ಹೊರಗೆ ಬಂದು ಬೆರಳಿನ ಫೋಟೋ ತೆಗೆದೆ. ಗುಂಪಿಗೆ ಕಳಿಸುವ ಮೊದಲು ತುಂಬ ಹೊತ್ತು ಯೋಚಿಸಿ, ನಿನಗೂ ಕಳಿಸಲೇ ಎಂದು ಯೂನುಸ್‌ನನ್ನು ಕೇಳಿದೆ. ಕಳಿಸಿ, ಅಮ್ಮ ಕೇಳುತ್ತಲೇ ಇದ್ದಾಳೆ ಎಂದ. ಕಳಿಸಿದೆ.

ಎರಡು ದಿನದ ಮೇಲೆ ಅವನಿಂದ ಒಂದು ಸಾಲು ಬಂತು. "ಯಾರು ಗೆದ್ದರು ಅಂತ ಅಮ್ಮ ಕೇಳ್ತಿದ್ದಾಳೆ."

ಮತ ಎಣಿಸಲು ಇನ್ನೂ ವಾರಗಳಿದ್ದವು. ಯಾರಿಗೂ ಇನ್ನೂ ಗೊತ್ತಿಲ್ಲ ಎಂದು ಬರೆದೆ.